ಬೇಲಿಯಾಚೆ ಹತ್ತು ಹೆಜ್ಜೆ

ಕಂಪ್ಯೂಟರ್ ಆಟದೊಳಗಿನ ಕೋಳಿಗೆ ಕಣ್ಣು ಕಾಣುವುದಿಲ್ಲ. ನಾವು ಚೆಂದಕ್ಕೆ ಎರಡು ಕಣ್ಣು ಬರೆದಿರುತ್ತೇವೆ, ಅಷ್ಟೆ. ನಾಯಿ ಹತ್ತಿರ ಬಂತೋ ಇಲ್ಲವೋ ಎಂದು ಅದಕ್ಕೆ ತಿಳಿಯಬೇಕಾದರೆ ಯಾರಾದರೂ ಒಂದು ಸಾಲು ಆಜ್ಞೆ ಬರೆದುಕೊಡಬೇಕು: ನಿನ್ನ ಸುತ್ತ ಹತ್ತು ಹೆಜ್ಜೆಯೊಳಗೆ ಏನೇನಿದೆ ಹುಡುಕು, ಹತ್ತಿರದ್ದನ್ನು ಮೊದಲು ಹೇಳು. ಇಂಥ ಸಾಲುಗಳನ್ನು ಬರೆಯುವುದೇ ನನ್ನ ಹೊಟ್ಟೆಪಾಡು. ಕಿಸುಮು ಪಟ್ಟಣದ ಕೊಂಡೆಲೆ ಬಡಾವಣೆಯಲ್ಲಿ, ಕೆಳಗೆ ಟೈರ್ ಅಂಗಡಿ ಇರುವ ಕಟ್ಟಡದ ಎರಡನೇ ಮಹಡಿಯಲ್ಲಿ ಕೂತು, ಮುಖವನ್ನೇ ನೋಡಿರದ ಜನರ ಆಟಗಳಿಗೆ ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಮನುಷ್ಯ ಬಂದರೆ ಬಾಗಿಲು ತೆರೆಯುತ್ತದೆ, ನಾಯಿ ಬಂದರೆ ಕೋಳಿ ಓಡುತ್ತದೆ. ಮೆರೆಯುವಂಥ ಕೆಲಸವಲ್ಲ, ಆದರೆ ನನಗೆ ಚೆನ್ನಾಗಿ ಬರುತ್ತದೆ ಎಂದು ನಂಬಿಕೊಂಡಿದ್ದೆ.

ಕಳೆದ ಫೆಬ್ರವರಿಯಲ್ಲಿ ಊರಿನಿಂದ ನನ್ನ ಚಿಕ್ಕಪ್ಪ ರಬೂರ್ ಫೋನ್ ಮಾಡಿದ.

"ಅಪೋಂಡಿ, ಏರಿ ಕಟ್ಟೋರು ಬಂದಿದ್ದಾರೆ ಕಣೇ. ಗೂಟ ಹೊಡ್ಕೊಂಡು ಹೋದ್ರು. ಸರಿಯಾಗಿ ನಮ್ಮ ಹಳೇ ಮನೆ ಮೇಲೇ ಹೋಗುತ್ತಂತೆ ಏರಿ."

ನಾಲ್ಕು ವರ್ಷದ ಹಿಂದೆ ಸರೋವರ ಉಕ್ಕಿ ನಮ್ಮ ಹಟ್ಟಿಯೊಳಗೆ ಬಂದು ಕೂತಿತ್ತು. ಮಣ್ಣಿನ ಗೋಡೆಗಳು ಕರಗಿದವು, ಕಳ್ಳಿಬೇಲಿ ಕೊಳೆಯಿತು, ನಾವು ರಸ್ತೆಯ ಪಕ್ಕದ ಎತ್ತರಕ್ಕೆ ಓಡಿ ಅಲ್ಲೇ ಮನೆ ಕಟ್ಟಿಕೊಂಡೆವು. ಈ ವರ್ಷ ನೀರು ಹಿಂದೆ ಸರಿದಿತ್ತು. ಮತ್ತೆ ಬರದಂತೆ ಅಲ್ಲೊಂದು ಏರಿ ಎಬ್ಬಿಸುವುದೆಂದು ತೀರ್ಮಾನವಾಗಿತ್ತು. ಏರಿಯ ಮೇಸ್ತ್ರಿ ಎರಡು ವಾರ ಗಡುವು ಕೊಟ್ಟಿದ್ದ. ಗೋರಿ ಇದ್ದವರು ಜಾಗ ತೋರಿಸಬೇಕು, ತೋರಿಸಿದರೆ ಅವನ ಆಳುಗಳೇ ಅಗೆದು ಎತ್ತಿಕೊಡುತ್ತಾರೆ. ತೋರಿಸದಿದ್ದರೆ ಸೋಮವಾರ ಬೆಳಿಗ್ಗೆ ಯಂತ್ರ ಮೇಲೆ ಹತ್ತುತ್ತದೆ, ಆಮೇಲೆ ಮೂರಾಳು ಎತ್ತರದ ಮಣ್ಣು.

ನಮ್ಮದು ಮೂರು ಗೋರಿ. ತಾತನದು ಮತ್ತು ನನ್ನ ಅಪ್ಪನದು ಸಿಮೆಂಟಿನವು, ಕೆಸರಿನಲ್ಲಿ ಅರ್ಧ ಹೂತಿದ್ದರೂ ಕಾಣುತ್ತಿದ್ದವು. ಮೂರನೆಯದು ಅಕೋಕೊ ಅತ್ತೆಯದು. ಅವಳು ಅಜ್ಜಿಯ ಚೊಚ್ಚಲ ಮಗಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದಳು. ಮದುವೆಯಾಗದೆ ಸತ್ತ ಹೆಣ್ಣನ್ನು ನಮ್ಮ ಲುವೊ ಜನ ಬೇಲಿಯೊಳಗೆ ಹೂಳುವುದಿಲ್ಲ. ಅವಳು ಸೇರಬೇಕಾದ ಮನೆ ಬೇರೆ ಎಲ್ಲೋ ಇತ್ತು, ಸೇರಲಿಲ್ಲ, ಆದ್ದರಿಂದ ಬೇಲಿಯಾಚೆ. ಅದಕ್ಕೆ ಸಿಮೆಂಟೂ ಇಲ್ಲ, ಕಲ್ಲೂ ಇಲ್ಲ. ನನಗೆ ಮೂವತ್ತೆಂಟು, ಮದುವೆಯಾಗಿಲ್ಲ. ಈ ಪದ್ಧತಿಯ ಹೆಸರು ಎತ್ತಿದರೆ ನನಗೆ ಮೈ ಉರಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಅತ್ತೆಯ ಗೋರಿ ಎಲ್ಲಿದೆ ಎಂದು ನಮ್ಮಲ್ಲಿ ಯಾರೂ ಯೋಚಿಸಿದವರಲ್ಲ. ಅಜ್ಜಿಗೆ ಗೊತ್ತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಈ ನಾಲ್ಕು ವರ್ಷದಲ್ಲಿ ಅಜ್ಜಿಯ ಎರಡೂ ಕಣ್ಣು ಹೋಗಿದ್ದವು.

ನಾನು ಊರಿಗೆ ಹೋದ ದಿನವೇ ಅಜ್ಜಿಯನ್ನು ಕೈಹಿಡಿದು ಹಳೇ ಜಾಗಕ್ಕೆ ಕರೆದುಕೊಂಡು ಹೋದೆವು. ಎಂಬತ್ತೈದರ ಮುದುಕಿ, ಮೊಣಕಾಲವರೆಗೆ ಕೆಸರು. ತಾತನ ಗೋರಿಯನ್ನು ಮುಟ್ಟಿಸಿ ನಿಲ್ಲಿಸಿದೆವು.

"ಎಡಗಡೆ ಏನಿದೆ?" ಎಂದು ಕೇಳಿದಳು.

"ಕೆಸರು, ಅಜ್ಜಿ."

"ಬಲಗಡೆ?"

"ಅಲ್ಲೂ ಕೆಸರೇ."

"ಕಣಜ ಎಲ್ಲಿ ಹೋಯ್ತು?"

"ಕಣಜ ಕೊಚ್ಕೊಂಡು ಹೋಯ್ತಲ್ಲ."

"ಕಣಜ ಇಲ್ಲ, ದೊಡ್ಡಿ ಇಲ್ಲ, ಬೇಲಿ ಇಲ್ಲ. ಕಣ್ಣಿರೋ ನಿಮಗೇ ಏನೂ ಕಾಣಲ್ಲ, ಕುರುಡಿ ನಾನು ಎಲ್ಲಿಗೆ ಅಂತ ಹೋಗ್ಲಿ?"

ಚಿಕ್ಕಪ್ಪನಿಗೆ ತಾಳ್ಮೆ ಕಡಿಮೆ. "ಅಮ್ಮ, ಸುಮ್ನೆ ಒಂದು ಕಡೆ ಬೆರಳು ತೋರ್ಸು ಸಾಕು, ಮಿಕ್ಕಿದ್ದು ನಾವು ನೋಡ್ಕೋತೀವಿ" ಎಂದ.

"ಬೆರಳು ತೋರ್ಸಿದ ಕಡೆ ಅಗೆದ್ರೆ ನೀನು ಕಳ್ಕೊಂಡ ಬುದ್ಧಿ ಸಿಗುತ್ತೆ, ನನ್ನ ಮಗಳು ಸಿಗಲ್ಲ" ಎಂದಳು ಅಜ್ಜಿ.

ವಾಪಸು ಬರುವಾಗ ನನಗೆ ಹೊಳೆಯಿತು. ಅಜ್ಜಿಗೆ ದಾರಿ ಮರೆತಿಲ್ಲ, ದಾರಿಗೆ ಬೇಕಾದ ವಸ್ತುಗಳು ಇಲ್ಲ. ಆ ವಸ್ತುಗಳನ್ನು ನಾನು ಆಟದೊಳಗೆ ಎಬ್ಬಿಸಬಲ್ಲೆ. ಕೋಳಿಗೆ ಕೊಡುವ ಆಜ್ಞೆಯನ್ನೇ ಅಜ್ಜಿಗೆ ಕೊಟ್ಟರಾಯಿತು. ಅವಳು ಹೆಜ್ಜೆ ಇಟ್ಟಂತೆಲ್ಲ ಹತ್ತಿರ ಏನಿದೆ ಎಂದು ಅದು ಕೂಗಿ ಹೇಳುತ್ತದೆ, ಅವಳು ತನ್ನ ಮಗಳ ಹತ್ತಿರ ನಡೆದು ಹೋಗಿ ನಿಲ್ಲುತ್ತಾಳೆ. ಎರಡು ಸಿಮೆಂಟ್ ಗೋರಿಗಳ ನಡುವೆ ಹಗ್ಗ ಹಿಡಿದು ಅಳೆದುಕೊಂಡರೆ, ಆಟದಲ್ಲಿ ಅವಳು ನಿಂತ ಜಾಗವನ್ನು ಕೆಸರಿನಲ್ಲಿ ಗುರುತು ಹಾಕಬಹುದು. ಅವತ್ತು ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಕಂಪ್ಯೂಟರನ್ನು ಊರಿಗೆ ತಂದು ಅಜ್ಜಿಯ ಮಂಚದ ಪಕ್ಕ ಇಟ್ಟೆ. ಅವಳು ಒಣಮೀನು ಆರಿಸುತ್ತಾ ಹೇಳುತ್ತಿದ್ದಳು, ನಾನು ಕಟ್ಟುತ್ತಿದ್ದೆ.

"ಅಡಿಗೆಮನೆ ಬಾಗಿಲಿಂದ ಕಣಜಕ್ಕೆ ಹದಿನೆಂಟು ಹೆಜ್ಜೆ. ನನ್ನ ಹೆಜ್ಜೆ ಕಣೇ, ನಿನ್ನ ಕೊಕ್ಕರೆ ಹೆಜ್ಜೆ ಅಲ್ಲ."

"ಸರಿ. ಕಣಜದಿಂದ?"

"ಕಣಜದಿಂದ ದನದ ದೊಡ್ಡಿ ಇಪ್ಪತ್ತೊಂದು. ದೊಡ್ಡಿ ಹಿಂದೆ ಬೇಲಿ. ಬೇಲಿಯಲ್ಲಿ ಒಂದು ಸಂದಿ ಇತ್ತು, ಆಡು ನುಗ್ಗೋ ಅಷ್ಟು."

ಕಂಪ್ಯೂಟರಿನ ದನಿಗೆ ನಮ್ಮ ಮಾತು ಬರುವುದಿಲ್ಲ. ಆದ್ದರಿಂದ ಪ್ರತಿ ವಸ್ತುವಿನ ಹೆಸರನ್ನೂ, ಒಂದರಿಂದ ಹತ್ತರವರೆಗಿನ ಎಣಿಕೆಯನ್ನೂ ನಾನೇ ಹೇಳಿ ದನಿ ಹಿಡಿದಿಟ್ಟೆ. ಮುಂದೆ ಹೋಗುವ ಗುಂಡಿ ಕೈಗೆ ತಿಳಿಯಲೆಂದು ಅದರ ಮೇಲೆ ಮೆಕ್ಕೆಜೋಳದ ಕಾಳೊಂದನ್ನು ಅಂಟಿಸಿದೆ. ಚಿಕ್ಕಪ್ಪ ಬಾಗಿಲಲ್ಲಿ ನಿಂತು ನೋಡಿ ನಕ್ಕ.

"ಮುದುಕರು ಮತ್ತೆ ಮಕ್ಕಳಾಗ್ತಾರೆ ಅಂತ ಕೇಳಿದ್ದೆ. ಆಟದ ಸಾಮಾನು ಬೇರೆ ತಂದ್ಕೊಟ್ಟಿದ್ದೀಯ."

"ನೀನು ಮಕ್ಕಳಾಟ ಬಿಟ್ಟಿದ್ದು ಯಾವಾಗ?" ಎಂದಳು ಅಜ್ಜಿ. "ಹೋಗು, ದನ ನೋಡು."

ಮೊದಲ ದಿನ ಅವಳು ಕಾಳಿನ ಮೇಲೆ ಬೆರಳಿಟ್ಟು ಒತ್ತಿದಾಗ ನನ್ನ ದನಿ ಹೇಳಿತು: "ಎದುರಿಗೆ ಬಾಗಿಲು, ಒಂದು ಹೆಜ್ಜೆ. ಬಲಕ್ಕೆ ಬೀಸುವ ಕಲ್ಲು, ಮೂರು."

"ತಪ್ಪು" ಎಂದಳು ಅಜ್ಜಿ. "ಕಲ್ಲು ಎಡಕ್ಕಿತ್ತು. ನಿಮ್ಮ ತಾತ ಕುಡ್ಕೊಂಡು ಬಂದು ಎಡವಿದ ಮೇಲೆ ಆ ಕಡೆ ಉರುಳಿಸಿದ್ವಿ."

ಕಲ್ಲನ್ನು ಎಡಕ್ಕೆ ಸರಿಸಿದೆ. ಅವಳ ಮುಖ ಅರಳಿದ್ದು ನೋಡಿ ನನಗೆ ಅಳು ಬಂತು. ಆಮೇಲಿನ ದಿನಗಳಲ್ಲಿ ಬೆಳಗಾದರೆ ಸಾಕು, ಕರೆಂಟು ಇದ್ದಷ್ಟು ಹೊತ್ತೂ ಅಜ್ಜಿ ತನ್ನ ಹಳೇ ಹಟ್ಟಿಯಲ್ಲಿ ಓಡಾಡಿದಳು. ಒಂದೊಂದು ವಸ್ತುವಿನ ಹೆಸರು ಕೇಳಿದಾಗಲೂ ನಿಂತು ಅದರ ಕಥೆ ಹೇಳಿದಳು. ಕಣಜದ ಬಳಿ ಮುಚ್ಚಳ ಸರಿಯಾಗಿ ಹಾಕಿಲ್ಲವೆಂದು, ಸತ್ತು ಹೋದ ಸವತಿಯನ್ನು ಬೈದಳು. ನನ್ನ ದನಿಯನ್ನು 'ಹುಡುಗಿ' ಎಂದು ಕರೆಯತೊಡಗಿದಳು. "ಇವಳು ನಿನಗಿಂತ ವಾಸಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ತಾಳೆ, ಎದುರು ವಾದಿಸಲ್ಲ" ಎಂದಳು. ಎಲ್ಲ ಅಳತೆಯೂ ಗೋರಿಗಳ ಹಗ್ಗದ ಅಳತೆಗೆ ಸರಿಯಾಗಿ ಕೂಡುತ್ತಿತ್ತು. ನಾನು ಅವಸರ ಮಾಡಲಿಲ್ಲ, ಅದು ನನ್ನ ಮೊದಲ ತಪ್ಪಿರಬಹುದು.

ಗುರುವಾರ ಬಂತು. ಇನ್ನು ನಾಲ್ಕು ದಿನ.

"ಅಜ್ಜಿ, ಇವತ್ತು ಅಕೋಕೊ ಅತ್ತೆ ಹತ್ರ ಹೋಗೋಣ" ಎಂದೆ.

ಅವಳ ಬೆರಳು ಕಾಳಿನ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಒತ್ತಿದಳು. ಅಡಿಗೆಮನೆ, ಕಣಜ, ದೊಡ್ಡಿ. "ಎದುರಿಗೆ ಬೇಲಿಯ ಸಂದಿ, ಎರಡು ಹೆಜ್ಜೆ." "ಎದುರಿಗೆ ಬೇಲಿಯ ಸಂದಿ, ಒಂದು." ಅಲ್ಲಿ ಅವಳು ಉಸಿರು ಹಿಡಿದಳು, ಒತ್ತಿದಳು, ದಾಟಿದಳು. ಮುಂದೆ ಮಾತಿಲ್ಲ. ಇನ್ನಷ್ಟು ಹೋದಳು, ಆಗಲೂ ಇಲ್ಲ. ಅವಳ ಬೆನ್ನ ಹಿಂದೆಯೇ ಇದ್ದ ದೊಡ್ಡಿಯನ್ನೂ ಅದು ಹೇಳಲಿಲ್ಲ.

"ಎಲ್ಲಿ ಹೋದ್ಲೇ ನಿನ್ನ ಹುಡುಗಿ?" ಅಜ್ಜಿ ಕಾಳನ್ನು ಮತ್ತೆ ಮತ್ತೆ ಒತ್ತಿದಳು. "ಇಲ್ಲಿಗೆ ಬಂದ ಕೂಡ್ಲೇ ಯಾಕೆ ಸುಮ್ನಾದ್ಲು?"

ಅವಳನ್ನು ತಡೆದು ನಾನು ಬರೆದಿದ್ದನ್ನು ತೆಗೆದು ನೋಡಿದೆ. ಕಟ್ಟಿದ ವಸ್ತುಗಳನ್ನೆಲ್ಲ 'ಮನೆ' ಎಂಬ ಒಂದು ಬುಟ್ಟಿಗೆ ಹಾಕಿದ್ದೆ. ಆ ಬುಟ್ಟಿಯ ಅಂಚು ಯಾವುದೆಂದರೆ ಕಳ್ಳಿಬೇಲಿ. ನಡೆಯುವವಳು ಮನೆಯಲ್ಲಿದ್ದರೆ ಮಾತ್ರ, ಮನೆಯಲ್ಲಿರುವುದನ್ನು ಮಾತ್ರ ಹುಡುಕಿ ಹೇಳು ಎಂದು ಆಜ್ಞೆ ಬರೆದಿದ್ದೆ. ಬೇರೆ ಊರಿನವರು ಯಾರಾದರೂ ಬರೆದಿದ್ದರೆ ಬೇಲಿ ಅವರ ಲೆಕ್ಕಕ್ಕೇ ಬರುತ್ತಿರಲಿಲ್ಲ, ಇಡೀ ಜಗತ್ತಿನಲ್ಲಿ ಹುಡುಕು ಎಂದುಬಿಡುತ್ತಿದ್ದರು. ಬೇಲಿಯೊಳಗಿದ್ದದ್ದೇ ಮನೆ ಎಂದು ಹುಟ್ಟಿದಾಗಿನಿಂದ ಕೇಳಿದ ನನ್ನ ಬೆರಳು ಯೋಚನೆಯನ್ನೂ ಮಾಡದೆ ಹಾಗೆ ಬರೆದಿತ್ತು. ಆ ಪದ್ಧತಿಯನ್ನು ಊರಿಡೀ ಬೈದುಕೊಂಡು ತಿರುಗಿದವಳು ನಾನೇ, ಅದನ್ನು ಕಂಪ್ಯೂಟರಿಗೆ ಕಲಿಸಿದವಳೂ ನಾನೇ.

ತಿದ್ದಲು ಒಂದು ನಿಮಿಷ ಸಾಕಾಯಿತು. "ಈಗ ಆಚೆ ಹೋದ್ರೂ ಹೇಳ್ತಾಳೆ ಅಜ್ಜಿ. ಆದ್ರೆ ಆಚೆ ನಾನು ಏನೂ ಇಟ್ಟಿಲ್ಲ. ನೀನು ಹೇಳು, ಸಂದಿ ದಾಟಿದ ಮೇಲೆ ಏನಿತ್ತು?"

"ಹುಲ್ಲು."

"ಮತ್ತೆ?"

"ಹುಲ್ಲೇ ಇರ್ಬೇಕು."

"ಇರ್ಬೇಕು ಅಂದ್ರೆ? ಮರ? ಹುತ್ತ? ಎಷ್ಟು ಹೆಜ್ಜೆ ಹೋಗ್ತಿದ್ದೆ ನೀನು?"

ಅಜ್ಜಿ ಕಾಳಿನ ಮೇಲಿಂದ ಬೆರಳು ತೆಗೆದು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ನಾನು ಯಾವತ್ತು ಹೋಗಿದ್ದೆ ಅಲ್ಲಿಗೆ?" ಎಂದಳು.

ನಾನು ಕಂಪ್ಯೂಟರು ಬಿಟ್ಟು ಅವಳ ಕಡೆ ತಿರುಗಿ ಕೂತೆ.

"ಅವಳನ್ನ ಎತ್ಕೊಂಡು ಹೋಗುವಾಗ ಹೆಂಗಸರೆಲ್ಲ ಸೇರಿ ನನ್ನ ಒಳಗೆ ಹಿಡ್ಕೊಂಡಿದ್ರು. ನಮ್ಮತ್ತೆ ಹೇಳಿದ್ಲು, ಮನೇಲಿ ಮದುವೆಯಾಗದ ಹೆಣ್ಣು ಇರೋ ತನಕ ತಾಯಿ ಆ ಕಡೆ ಕಾಲಿಡಬಾರ್ದು ಅಂತ. ಇಟ್ರೆ ಸತ್ತೋಳು ತಾಯಿ ಬೆನ್ನು ಹತ್ತಿ ಒಳಗೆ ಬಂದು ಇರೋರನ್ನ ಕರ್ಕೊಂಡು ಹೋಗ್ತಾಳಂತೆ. ಆಗ ಚಿಕ್ಕೋರು ಇಬ್ರಿದ್ರಲ್ಲ. ಅವರ ಮದುವೆ ಆಗೋ ಹೊತ್ತಿಗೆ ನೀವು ಮೊಮ್ಮಕ್ಕಳು ಹುಟ್ಕೊಂಡ್ರಿ. ಸಂದಿ ತನಕ ಹೋಗಿ ನಿಂತ್ಕೋತಿದ್ದೆ, ಬಟ್ಟೆ ಒಣಹಾಕೋ ನೆಪ ಮಾಡ್ಕೊಂಡು. ತಲೆ ಎತ್ತಿ ನೋಡ್ತಿರ್ಲಿಲ್ಲ. ನೋಡಿದ್ರೆ ಅವಳು ನನ್ನ ನೋಡ್ಬಿಡ್ತಾಳೆ ಅಂತ ಭಯ."

"ಮತ್ತೆ ಗೊತ್ತಿದೆ ಅಂತ ಯಾಕೆ ಹೇಳ್ದೆ ಅಜ್ಜಿ?"

"ನಾನೆಲ್ಲಿ ಹೇಳ್ದೆ? ನೀವೇ ಅಂದ್ಕೊಂಡ್ರಿ. ಹೆತ್ತ ಮಗಳ ಗೋರಿ ಗೊತ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?" ಕಂಪ್ಯೂಟರಿನ ಕಡೆ ಮುಖ ತಿರುಗಿಸಿದಳು. "ಹತ್ರ ಇರೋದನ್ನೆಲ್ಲ ಇದು ಹುಡುಕಿ ಹೇಳುತ್ತೆ ಅಂದೆಯಲ್ಲ ನೀನು. ನಂಗೆ ಗೊತ್ತಿಲ್ದಿದ್ರೂ ಅದಕ್ಕೆ ಗೊತ್ತಿರ್ಬೋದು ಅಂತ ಆಸೆ ಪಟ್ಟೆ."

ಒಂದು ವಾರದಿಂದ ಅವಳು ಯಾವ ಆಸೆಯಿಂದ ಆ ಕಾಳನ್ನು ಒತ್ತುತ್ತಿದ್ದಳು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

"ಹತ್ತು ಹೆಜ್ಜೆ ಸಾಲ್ದೇನೋ" ಎಂದಳು. "ಜಾಸ್ತಿ ಮಾಡು."

"ಅಜ್ಜಿ, ನಾನು ಇಟ್ಟಿರೋದನ್ನಷ್ಟೇ ಅದು..."

"ಮಾಡು ಅಂದ್ನಲ್ಲ."

ನೂರು ಹೆಜ್ಜೆ ಮಾಡಿದೆ. ಹತ್ತಕ್ಕಿಂತ ದೂರದ್ದಕ್ಕೆ ಎಣಿಕೆಯ ದನಿ ಇರಲಿಲ್ಲವಾದ್ದರಿಂದ ಬರೀ ಹೆಸರುಗಳನ್ನೇ ಅದು ಹೇಳಿತು. ದೊಡ್ಡಿ, ಕಣಜ, ತಾತನ ಗೋರಿ, ಅಪ್ಪನ ಗೋರಿ, ಬೀಸುವ ಕಲ್ಲು. ಸಾವಿರ ಮಾಡಿದೆ. ಅವೇ ಹೆಸರುಗಳು, ಅದೇ ಸಾಲಿನಲ್ಲಿ. ಅಜ್ಜಿ ಕೊನೆಯ ಹೆಸರಿನವರೆಗೂ ಕಿವಿಗೊಟ್ಟು ಕೂತಿದ್ದಳು. ನಂತರ ಮಲಗುತ್ತೇನೆ ಎಂದು ಗೋಡೆಯ ಕಡೆ ತಿರುಗಿದಳು.

ಚಿಕ್ಕಪ್ಪನಿಗೆ ಹೇಳಿದಾಗ ಅವನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅತ್ತೆಗೆ ಗುಂಡಿ ತೋಡಿದ ನಾಲ್ಕು ಜನರನ್ನು ಬೆರಳಲ್ಲಿ ಎಣಿಸಿದ. ಮೂವರು ಎಂದೋ ಹೋಗಿದ್ದರು. ಕೊನೆಯವನಾದ ಒಗ್ವೆನೊ ನೀರು ಬಂದ ವರ್ಷ ಸತ್ತಿದ್ದ.

ಆದರೂ ಶುಕ್ರವಾರ, ಶನಿವಾರ ಅಗೆದೆವು. ಆಟದ ಅಳತೆ ಹಿಡಿದು ಬೇಲಿಯ ಸಂದಿ ಎಲ್ಲಿತ್ತು ಎಂದು ಕೆಸರಿನಲ್ಲಿ ಗುರುತು ಹಾಕಿದೆ. ಅಲ್ಲಿ ಕಳ್ಳಿಯ ಕೊಳೆತ ಬೇರುಗಳು ಸಿಕ್ಕವು. ನನ್ನ ಲೆಕ್ಕ ಒಂದು ಗೇಣೂ ತಪ್ಪಿರಲಿಲ್ಲ. ಬೇಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಅಲ್ಲಿಂದಾಚೆ ಐದು ಕಡೆ ಅಗೆದೆವು, ಆಳುಮಟ್ಟ ಹೋಗುವ ಮೊದಲೇ ಗುಂಡಿಗೆ ನೀರು ನುಗ್ಗಿ ಬದುಗಳು ಕುಸಿದವು. ಮೇಸ್ತ್ರಿ ಬಂದು ನೋಡಿದ. ಕೆಟ್ಟವನಲ್ಲ ಅವನು, ತಲೆಯ ಟೋಪಿ ತೆಗೆದು ನಿಂತಿದ್ದ.

"ಜಾಗ ಇದು ಅಂತ ತೋರ್ಸಿ, ನಾನು ಯಂತ್ರ ನಿಲ್ಲಿಸ್ತೀನಿ. ಹುಡುಕ್ತಾ ಇದ್ದೀವಿ ಅಂದ್ರೆ ನಾನು ಮೇಲಿನೋರಿಗೆ ಏನು ಹೇಳ್ಲಿ ತಾಯಿ?"

ಭಾನುವಾರ ತಾತನನ್ನೂ ಅಪ್ಪನನ್ನೂ ಎತ್ತಿ, ಪ್ರಾರ್ಥನೆ ಮಾಡಿ, ಹೊಸ ಮನೆಯ ಬೇಲಿಯೊಳಗೆ ಇಟ್ಟೆವು. ಸೋಮವಾರ ಬೆಳಿಗ್ಗೆ ಯಂತ್ರ ಬಂತು. ಅದರ ಸದ್ದು ಕೇಳಿದಾಗ ಅಜ್ಜಿ ಚಹಾ ಕುಡಿಯುತ್ತಿದ್ದಳು. ಲೋಟವನ್ನು ಕೆಳಗಿಟ್ಟವಳು ಮತ್ತೆ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾವು ಅಗೆದ ಐದು ಗುಂಡಿಗಳೂ ಕಾಣುತ್ತಿರಲಿಲ್ಲ.

ಸರೋವರದಲ್ಲಿ ಮುಳುಗಿ ಹೆಣ ಸಿಗದೆ ಹೋದವರಿಗೆ ನಮ್ಮಲ್ಲಿ ಯಾಗೊ ಮರದ ಕಾಯಿಯನ್ನು ಹೂಳುತ್ತಾರೆ. ತೋಳುದ್ದದ, ಭಾರವಾದ ಕಾಯಿ. ಅದನ್ನೇ ಆ ಮನುಷ್ಯನೆಂದು ಬಗೆದು ಅತ್ತು ಮಣ್ಣು ಹಾಕುತ್ತಾರೆ. ಯಂತ್ರ ಬಂದ ವಾರದ ಶನಿವಾರ ಚಿಕ್ಕಪ್ಪ ಅಂಥದೊಂದು ಕಾಯಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅಜ್ಜಿಯ ಕೈಗೆ ಮುಟ್ಟಿಸಿದ.

"ಯಾಗೊ ಕಳೆದುಹೋದೋರಿಗೆ ಕಣೋ" ಎಂದಳು ಅಜ್ಜಿ. "ನನ್ನ ಮಗಳು ಕಳೆದುಹೋಗ್ಲಿಲ್ಲ. ನಾವೇ ಇಟ್ಟು ನಾವೇ ಬಿಟ್ವಿ." ಆದರೂ ಕಾಯಿಯನ್ನು ಮಡಿಲಿಂದ ಇಳಿಸಲು ಬಹಳ ಹೊತ್ತು ಹಿಡಿಯಿತು.

ಚಿಕ್ಕಪ್ಪ ಗುಂಡಿ ತೋಡಿದ್ದು ಹೊಸ ತಂತಿಬೇಲಿಯ ಆಚೆ. ನೋಡಿ ನನಗೆ ತಡೆಯಲಾಗಲಿಲ್ಲ.

"ಕಾಯಿನೂ ಆಚೆನೇನಾ ಚಿಕ್ಕಪ್ಪ? ಕಾಯಿಗೂ ಮದುವೆ ಆಗಿಲ್ಲ ಅಂತಾನಾ?"

"ಊರೋರು ಕೇಳಿದ್ರೆ ಉತ್ತರ ಕೊಡೋರು ಯಾರು, ನೀನಾ?"

"ಕೊಡ್ತೀನಿ."

"ಕೊಟ್ಬಿಟ್ಟು ಬಸ್ ಹತ್ತಿ ಕಿಸುಮುಗೆ ಹೋಗ್ತೀಯ. ಇಲ್ಲಿ ಬಾಳೋನು ನಾನು." ಅವನ ಕಣ್ಣಲ್ಲೂ ನೀರಿತ್ತು. ಅಕೋಕೊ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ.

ಎಲ್ಲ ಮುಗಿದು ಜನ ಚದುರಿದ ಮೇಲೆ ನಾನು ಅಜ್ಜಿಯ ಕೈ ಹಿಡಿದು ಹೊರಟೆ. ಈ ಸಲವಾದರೂ ಅವಳು ಮಣ್ಣನ್ನು ಮುಟ್ಟಲಿ, ಮಗಳ ಹೆಸರು ಹಿಡಿದು ಕರೆಯಲಿ, ಅಷ್ಟು ಸಾಕು ಅನ್ನಿಸಿತ್ತು. ಬೇಲಿಯ ಬಾಯಿಯವರೆಗೆ ಅವಳು ಚೆನ್ನಾಗಿಯೇ ಬಂದಳು. ಅಲ್ಲಿ ಕಂಬವನ್ನು ತಡವಿ ಹಿಡಿದುಕೊಂಡು ನಿಂತುಬಿಟ್ಟಳು.

"ಬಾ ಅಜ್ಜಿ. ಹತ್ತೇ ಹೆಜ್ಜೆ, ನಿನ್ನ ಹೆಜ್ಜೇಲಿ. ನಾನೇ ಅಳೆದಿದ್ದೀನಿ."

ಅವಳು ಅಲುಗಲಿಲ್ಲ.

"ಇನ್ನು ಯಾರಿಗೋಸ್ಕರ ಹೆದರ್ತೀಯ? ನಿನ್ನ ಹೆಣ್ಣುಮಕ್ಕಳು ಇಬ್ರೂ ಮೊಮ್ಮಕ್ಕಳನ್ನ ಕಂಡ್ರು. ಚಿಕ್ಕಪ್ಪನ ಹುಡುಗೀರು ಮೂರೂ ಜನ ಗಂಡನ ಮನೇಲಿದ್ದಾರೆ. ಮನೇಲಿ ಮದುವೆಯಾಗದ ಹೆಣ್ಣು ಅಂತ ಯಾರಿದ್ದಾರೆ ಈಗ?"

ಅಜ್ಜಿ ಕಂಬ ಬಿಟ್ಟು ಆ ಕೈಯಿಂದ ನನ್ನ ಮುಖ ಸವರಿದಳು.

"ನೀನಿದ್ದೀಯಲ್ಲೇ" ಎಂದಳು.

ನನ್ನ ಕೈಯನ್ನು ಭದ್ರವಾಗಿ ಹಿಡಿದುಕೊಂಡು, ನನ್ನನ್ನು ಎಳೆದುಕೊಂಡೇ ಮನೆಯ ಕಡೆ ತಿರುಗಿದಳು.